ಒಂಬತ್ತನೇ ರೌಡಿಯ ಬುತ್ತಿ

ಕಳೆದ ತಿಂಗಳು ಒಂದು ಸೋಮವಾರ ನೀಲಾಂಬಿಕೆಯ ಗಂಡ ಬಿದ್ದರು. ಮಂಗಳವಾರ ಬೆಳಗಾಗುವುದೇ ತಡ, ಅವಳು ರೇಷ್ಮೆ ಸೀರೆ ಉಟ್ಟು, ತಟ್ಟೆ ತುಂಬ ತಂಬಿಟ್ಟು ಹಿಡಿದು ನಮ್ಮ ಹಿಟ್ಟಿನ ಗಿರಣಿಯ ಮುಂದೆ ಬಂದು ನಿಂತಳು. ‘ತಗೊ ದಾಕ್ಷಾಯಿಣಿ, ಬಾಯಿ ಸಿಹಿ ಮಾಡ್ಕೊ. ನಮ್ಮೋರು ಬಿದ್ರು ಕಣೆ! ಹೀರೋ ಎದೆಗೇ ಕೊಟ್ಟ ಒದೆ. ಆಲದ ಬಿಳಲು ಹಿಡ್ಕೊಂಡು ಮೂರು ಸುತ್ತು ತಿರುಗಿ ಕೆಸರೊಳಗೆ ಬಿದ್ರು. ನೀನು ನೋಡ್ಬೇಕಿತ್ತು!’ ನಾನು ಆಗ ಗಿರಣಿಯ ಬಾಯಿಗೆ ರಾಗಿ ಸುರಿಯುತ್ತಿದ್ದೆ. ಬಲ ಭುಜ ಕಿತ್ತು ಬರುವಂತೆ ನೋಯುತ್ತಿತ್ತು. ಒಳ್ಳೆಯದಾಯಿತು ಎಂದೆ. ಮನಸ್ಸಿನಲ್ಲಿ ಅಂದದ್ದೇ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂಬತ್ತು ಜನರಲ್ಲಿ ಎಂಟು ಜನ ಬಿದ್ದು ಮನೆಗೆ ಬಂದಾಯಿತು. ಉಳಿದವರು ನಮ್ಮ ಯಜಮಾನರೊಬ್ಬರೇ.

ಹನ್ನೊಂದು ವರ್ಷದ ಹಿಂದೆ ನಮ್ಮೂರಿಗೆ ಅಂಟಿಕೊಂಡಿರುವ ಕಾಡಿಗೆ ಪಿಕ್ಚರ್ ತೆಗೆಯುವವರು ಬಂದಿದ್ದರು. ಕರಾಟೆ ಪಿಕ್ಚರ್ ಅಂತೆ, ಜೊತೆಗೆ ನಗಿಸುವಂಥದ್ದಂತೆ, ಮೊದಲಿನಿಂದ ಕೊನೆಯವರೆಗೂ ಕಾಡಿನಲ್ಲೇ ನಡೆಯುತ್ತದಂತೆ. ಹೀರೋ ಮತ್ತು ಡಾನ್ ಇಬ್ಬರನ್ನೂ ಅವರೇ ಕರೆತಂದಿದ್ದರು. ಡಾನ್ ಕಡೆಯ ಒಂಬತ್ತು ರೌಡಿಗಳು ಮಾತ್ರ ಇಲ್ಲೇ ಸಿಗಲಿ ಎಂದು ಊರಿನ ಮೀಸೆ ಇದ್ದ ಗಂಡಸರನ್ನೆಲ್ಲ ಶಾಲೆಯ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಆರಿಸಿದರು. ನಮ್ಮ ಯಜಮಾನರ ಹೆಸರು ಗುರುಮಲ್ಲಪ್ಪ. ಗಿರಣಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಗಿರಣಿ ಎಂದಿದ್ದ ಮನುಷ್ಯ. ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಇವರನ್ನು ಡೈರೆಕ್ಟರು ಕಂಡು ‘ಇವರನ್ನ ಹೀಗೇ ಇಟ್ಕೊಳ್ಳಿ, ಭಯಂಕರವಾಗಿದ್ದಾರೆ’ ಎಂದರಂತೆ. ಅವತ್ತು ಹಾಳಾದದ್ದು ನಮ್ಮ ಸಂಸಾರ. ಹದಿನೈದು ದಿನ ಕೈಕಾಲು ಬೀಸುವುದನ್ನು ಕಲಿಸಿ, ‘ಆ್ಯಕ್ಷನ್’ ಎಂದು ಕೂಗಿ ಫೈಟು ಶುರು ಮಾಡಿದರು. ಮೂರನೇ ದಿನ ರೀಲು ತರುತ್ತೇವೆಂದು ವ್ಯಾನು ಹತ್ತಿ ಹೋದವರು, ಕ್ಯಾಮೆರಾ, ಲೈಟು, ಅಡಿಗೆಯವರ ಸಮೇತ ಹೋದರು. ಇವತ್ತಿನವರೆಗೂ ಬಂದಿಲ್ಲ. ಫೈಟು ಮಾತ್ರ ನಿಲ್ಲಲಿಲ್ಲ.

ಊರು ಹೊಂದಿಕೊಂಡಿತು. ಹೊಂದಿಕೊಳ್ಳದೆ ಏನು ಮಾಡುವುದು? ಫೈಟು ಒಂದು ಕಡೆ ನಿಲ್ಲುವುದಿಲ್ಲ. ಒಂದು ವಾರ ಬಿದಿರು ಮೆಳೆಯಲ್ಲಿದ್ದರೆ ಇನ್ನೊಂದು ವಾರ ಹಳ್ಳದ ಬಂಡೆಗಳ ಮೇಲೆ, ವರ್ಷಕ್ಕೆ ಒಂದೆರಡು ಸಲ ಸಂತೆ ಬೀದಿಗೂ ಬರುತ್ತದೆ. ಬಂದಾಗ ಬಸ್ಸಿನವರು ಎಂಜಿನ್ ಆರಿಸಿ ಕೂರುತ್ತಾರೆ, ಶಾಲೆಗೆ ಅರ್ಧ ದಿನ ರಜೆ ಕೊಡುತ್ತಾರೆ. ಫೈಟು ಬಂತೆಂದರೆ ಮಡಕೆ ಒಡೆಯಲೇಬೇಕಲ್ಲ, ಅದಕ್ಕೆಂದೇ ಕುಂಬಾರ ಬೀದಿಯವರು ಅರೆಬೆಂದ ಮಡಕೆಗಳನ್ನು ಜೋಡಿಸಿ ಮುಂದಿಡುತ್ತಾರೆ. ಬಾಳೆಹಣ್ಣಿನ ಗಾಡಿಯವನು ಕೊಳೆತ ಹಣ್ಣನ್ನು ಮೇಲೆ ಹರಡಿ ತಾನೇ ಗಾಡಿಯನ್ನು ಅಡ್ಡ ತಂದು ನಿಲ್ಲಿಸುತ್ತಾನೆ. ಪ್ರತಿ ಏಟಿಗೂ ‘ಡಿಶುಂ’ ಎಂದು ಎಲ್ಲಿಂದಲೋ ಸದ್ದು ಬರುತ್ತದೆ. ಮಲಗಿಸಿದ ಕೂಸುಗಳೂ ಈಗ ಅದಕ್ಕೆ ಬೆಚ್ಚುವುದಿಲ್ಲ.

ಫೈಟಿನ ಕಟ್ಟಳೆಯೂ ಎಲ್ಲರಿಗೂ ಗೊತ್ತು. ರೌಡಿಗಳು ಒಟ್ಟಿಗೆ ಮೇಲೆ ಬೀಳುವಂತಿಲ್ಲ. ಹೀರೋ ಎರಡು ಬೆರಳು ಮಡಚಿ ಯಾರನ್ನು ‘ಬಾ’ ಎಂದು ಕರೆಯುತ್ತಾನೋ ಅವನೊಬ್ಬನೇ ಹೋಗಬೇಕು. ಮಿಕ್ಕವರು ಸುತ್ತ ನಿಂತು ಮುಷ್ಟಿ ಬಿಗಿದು ‘ಹೂ, ಹಾ’ ಎನ್ನುತ್ತ ಕುಣಿಯುತ್ತಿರಬೇಕು. ಹೀರೋ ಕೈಯಲ್ಲಿ ಏಟು ತಿಂದು ಬಿದ್ದವನಿಗೆ ಮನೆಗೆ ಹೋಗಲು ಬಿಡುಗಡೆ. ಬೀಳದವನಿಗೆ ಇಲ್ಲ. ಸುಮ್ಮನೆ ಕಾಲು ಜಾರಿದಂತೆ ಬಿದ್ದರೆ ನಡೆಯುವುದಿಲ್ಲ. ನಮ್ಮವರು ನನ್ನ ಕಾಟ ತಾಳಲಾರದೆ ಮೂರು ಸಲ ಬಿದ್ದು ನೋಡಿದರು. ಕಾಲುಗಳು ತಾವೇ ಅವರನ್ನು ಎತ್ತಿ ನಿಲ್ಲಿಸಿ ಮತ್ತೆ ಕುಣಿಸಿದವು. ಒಂದು ವರ್ಷ ಫೈಟು ನಮ್ಮ ಬೀದಿಯಲ್ಲೇ ಹಾದುಹೋಯಿತು. ಗಿರಣಿಯ ಎದುರು ಅರ್ಧ ಗಂಟೆ ಕುಣಿದರು. ‘ಒಳಗೆ ಬನ್ನಿ, ಒಂದು ಲೋಟ ಮಜ್ಜಿಗೆನಾದ್ರೂ ಕುಡ್ದು ಹೋಗಿ’ ಎಂದು ಅತ್ತುಕೊಂಡು ಕರೆದೆ. ‘ಕಾಲು ಬರ್ತಿಲ್ಲ ಕಣೇ’ ಎಂದು ಅವರೂ ಕಣ್ಣು ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ‘ಹೂ, ಹಾ’ ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಬಾಗಿಲು ಹಾಕಿಕೊಂಡೆ.

ಇನ್ನು ನನ್ನ ಹೊಟ್ಟೆ ಉರಿಸಿದ ಸಂಗತಿ ಹೇಳುತ್ತೇನೆ. ಸಾಲಿನಲ್ಲಿ ನಮ್ಮವರು ಇದ್ದದ್ದು ಎರಡನೆಯವರಾಗಿ. ಮೊದಲನೆಯವನು ಬಿದ್ದ ಮೇಲೆ ಇವರ ಸರದಿ. ಹೀರೋ ಇವರನ್ನು ದಾಟಿ ಮೂರನೆಯವನನ್ನು ಕರೆದ. ಆಮೇಲೆ ಆರನೆಯವನು, ಆಮೇಲೆ ನಾಲ್ಕನೆಯವನು. ಒಬ್ಬೊಬ್ಬನಿಗೆ ಒಂದು ವರ್ಷ, ಒಂದೂವರೆ ವರ್ಷ. ಇವರನ್ನು ಮಾತ್ರ ತಿರುಗಿಯೂ ನೋಡಲಿಲ್ಲ. ಊರಿನಲ್ಲಿ ಇವರ ಹೆಸರು ಮೇಲೇರಿತು. ಗುರುಮಲ್ಲಪ್ಪನವರನ್ನು ಕಂಡರೆ ಹೀರೋಗೇ ನಡುಕ, ಕೊನೆಗೆ ಇಟ್ಟುಕೊಂಡಿದ್ದಾನೆ ಎಂದು ಹೋಟೆಲಿನಲ್ಲಿ ಮಾತು. ಇವರಿಗೂ ಅದೇ ತಲೆಗೇರಿತು. ‘ನನ್ನ ಕಂಡ್ರೆ ಅವ್ನಿಗೆ ಒಂಥರಾ ಹೆದರಿಕೆ ಕಣೇ, ಕಣ್ಣಲ್ಲೇ ಗೊತ್ತಾಗುತ್ತೆ’ ಎನ್ನುವರು. ಜಿರಳೆ ಕಂಡರೆ ಮಂಚ ಹತ್ತುತ್ತಿದ್ದ ಮನುಷ್ಯ! ಯಾರನ್ನು ಬೈಯುವುದು? ಇವರಿಗೆ ಮೈಯಲ್ಲಿ ಬಲ ಬರಲಿ, ಬೇಗ ಸರದಿ ಬರಲಿ ಎಂದು ನಾನು ದಿನಾ ಮಧ್ಯಾಹ್ನ ಎರಡು ಮೈಲಿ ನಡೆದು ಬುತ್ತಿ ಒಯ್ಯುತ್ತಿದ್ದೆ. ಅವರೆಕಾಳಿನ ಹುಳಿ, ಬಸ್ಸಾರು, ಹುರುಳಿ ಕಟ್ಟಿನ ಸಾರು, ಹಬ್ಬಕ್ಕೆ ಹೋಳಿಗೆ. ಸರದಿ ಬಾರದೆ ಹೋದಷ್ಟೂ ಅಡಿಗೆಯನ್ನು ಇನ್ನಷ್ಟು ಹಟ ಹಿಡಿದು ಮಾಡಿದೆ.

ಬುತ್ತಿ ಒಯ್ಯುವುದಕ್ಕೂ ಒಂದು ಪದ್ಧತಿ ಇತ್ತು. ರೌಡಿಯ ಹೆಂಡತಿ ಹೀರೋನ ಮುಖ ನೋಡಬಾರದು, ನೋಡಿದರೆ ಗಂಡನಿಗೆ ಬೀಳುವ ಒದೆ ಮೂಳೆಗೆ ನಾಟುತ್ತದೆ ಎಂದು ಮೊದಲ ತಿಂಗಳಲ್ಲೇ ಊರಿನ ಮುದುಕಿಯರು ಹೇಳಿಬಿಟ್ಟಿದ್ದರು. ಹಾಗಾಗಿ ಕ್ಯಾರಿಯರನ್ನು ಒಂದು ಬಂಡೆಯ ಮೇಲಿಟ್ಟು, ಫೈಟಿಗೆ ಬೆನ್ನು ಹಾಕಿ ನಿಂತು, ಯಜಮಾನರ ಜೊತೆ ಹಾಗೇ ನಾಲ್ಕು ಮಾತಾಡಿ, ಹಿಂದಿನ ದಿನದ ಖಾಲಿ ಕ್ಯಾರಿಯರನ್ನು ಎತ್ತಿಕೊಂಡು ಬರುತ್ತಿದ್ದೆ. ಕ್ಯಾರಿಯರು ಯಾವಾಗಲೂ ತೊಳೆದಿಟ್ಟಂತೆ ಇರುತ್ತಿತ್ತು. ನಮ್ಮವರು ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ನೀಲಾಂಬಿಕೆಯ ತಂಬಿಟ್ಟು ತಿಂದ ಮೇಲೆ ಇನ್ನೇನು ಬುಧವಾರ, ತಪ್ಪಿದರೆ ಗುರುವಾರ ನಮ್ಮವರ ಸರದಿ ಎಂದುಕೊಂಡೆ. ಉಳಿದಿರುವುದೇ ಒಬ್ಬರು, ಕರೆಯದೆ ಎಲ್ಲಿಗೆ ಹೋಗುತ್ತಾನೆ? ಮನೆಗೆ ಸುಣ್ಣ ಹೊಡೆಸಿದೆ, ಅವರ ಪಂಚೆಗಳನ್ನು ಒಗೆದು ಮಡಿಸಿಟ್ಟೆ. ಬುಧವಾರ ಹೀರೋ ಒಂದು ತೇಗದ ಮರದ ಜೊತೆ ಫೈಟು ಮಾಡಿದನಂತೆ. ಗುರುವಾರ ಒಂದು ಮುಸುವ ಬಂದು ಅವನ ತಲೆಪಟ್ಟಿ ಕಿತ್ತುಕೊಂಡಿತು, ಮೂರು ದಿನ ಅದನ್ನು ಅಟ್ಟಿಸಿಕೊಂಡು ಮರದಿಂದ ಮರಕ್ಕೆ ಹಾರಿದ. ಅದಾದ ಮೇಲೆ ಹೆಜ್ಜೇನಿನ ಗೂಡಿಗೆ ತಾನೇ ಹೋಗಿ ಒದ್ದು ಇನ್ನೂ ಎರಡು ದಿನ ಹಳ್ಳದ ನೀರಿನಲ್ಲಿ ಮುಳುಗಿ ಕೂತ. ಡಾನ್ ತನ್ನ ಬಿದಿರಿನ ಸಿಂಹಾಸನದ ಮೇಲೆ ಕೂತು ಇದಕ್ಕೆಲ್ಲ ಗಹಗಹಿಸಿ ನಗುತ್ತಲೇ ಇದ್ದ. ಹನ್ನೊಂದು ವರ್ಷ ನಕ್ಕು ಅವನ ಗಂಟಲು ಕೆಟ್ಟಿತ್ತು. ನಮ್ಮವರು ಒಂಟಿಯಾಗಿ ಒಂದು ಮೂಲೆಯಲ್ಲಿ ‘ಹೂ, ಹಾ’ ಎಂದು ಕುಣಿಯುತ್ತಿದ್ದರು.

‘ರೀ, ನೀವೇ ಹೋಗಿ ತಲೆ ಕೊಡಿ. ಹೊಡಿಯಪ್ಪ ಅಂತ ಕೇಳಿ’ ಎಂದೆ. ‘ಕರೀದೆ ಹೋದ್ರೆ ಮರ್ಯಾದೆ ಇರುತ್ತೇನೆ? ಜನ ಏನಂತಾರೆ?’ ‘ಯಾವ ಜನ ನೋಡ್ತಿದ್ದಾರೆ ಇಲ್ಲಿ? ಮುಸುವಾನಾ? ನನ್ನ ಭುಜ ಹೋಗಿದೆ ಕಣ್ರೀ. ಇನ್ನು ಮೂಟೆ ಎತ್ತಿದ್ರೆ, ಭಾರ ಹೊತ್ತು ನಡೆದ್ರೆ ಕೈಯೇ ಬೀಳುತ್ತೆ ಅಂದಿದ್ದಾರೆ ವೈದ್ಯರು. ನೀವು ಬರ್ಲಿಲ್ಲ ಅಂದ್ರೆ ಗಿರಣಿಗೆ ಬೀಗ ಹಾಕ್ತೀನಿ. ಆಮೇಲೆ ಇಬ್ಬರೂ ಇಲ್ಲೇ ಕುಣಿಯೋಣ.’ ಅವರು ಪೆಚ್ಚಾಗಿ, ‘ನಾಳೆ ಕರೀಬೋದು ಇರು’ ಎಂದರು. ಈ ‘ನಾಳೆ’ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಮಾರನೇ ದಿನ ಕೈ ಎತ್ತಲಾಗಲಿಲ್ಲ. ತಲೆ ಬಾಚಿಕೊಳ್ಳುವುದಕ್ಕೂ ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಬುತ್ತಿ ತಪ್ಪಿತು. ಅದರ ಮಾರನೇ ದಿನ ಎಡಗೈಯಲ್ಲೇ ಹೇಗೋ ಬೇಯಿಸಿ, ಕ್ಯಾರಿಯರನ್ನು ಸೊಂಟಕ್ಕೆ ಆನಿಸಿಕೊಂಡು ಹೋದೆ. ಬಂಡೆಯ ಮೇಲಿಟ್ಟು ಎಂದಿನಂತೆ ಬೆನ್ನು ಹಾಕಿ ನಿಂತೆ. ಹಿಂದಿನಿಂದ ಗೊತ್ತಿಲ್ಲದ ಒಂದು ದನಿ ‘ನಿನ್ನೆ ಯಾಕಕ್ಕ ಬರ್ಲಿಲ್ಲ?’ ಎಂದು ಕೇಳಿತು.

ಮುದುಕಿಯರ ಮಾತು, ಮೂಳೆ, ಒದೆ ಎಲ್ಲ ಮರೆತು ತಿರುಗಿಬಿಟ್ಟೆ. ಹೀರೋ ನನ್ನಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದ. ಅವನ ಹಳೆಯ ಪಿಕ್ಚರಿನ ಪೋಸ್ಟರಿನಲ್ಲಿ ಕಂಡ ಹುಡುಗನಲ್ಲ. ಕೆನ್ನೆ ಒಳಗೆ ಹೋಗಿದೆ, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ, ಅಂಗಿಯ ತೋಳು ಹರಿದು ಜೋಲುತ್ತಿದೆ. ಕಣ್ಣು ನನ್ನ ಮೇಲಿರಲಿಲ್ಲ, ಕ್ಯಾರಿಯರಿನ ಮೇಲಿತ್ತು.

‘ನಿನಗೇನಾಗ್ಬೇಕಪ್ಪ ನನ್ನ ಬುತ್ತಿಯಿಂದ?’ ಎಂದೆ. ನಮ್ಮ ಯಜಮಾನರು ಕುಣಿಯುತ್ತಲೇ ಹತ್ತಿರ ಬಂದು, ‘ಅರ್ಧ ಅವ್ನಿಗೆ ಕೊಡ್ತೀನಿ ಕಣೇ. ಮೊದಲ್ನೇ ವರ್ಷದಿಂದ್ಲೂ. ಹಸಿದೋನ ಕೈಲಿ ಹೊಡೆಸ್ಕೊಳ್ಳೋದು ಚೆನ್ನಾಗಿರಲ್ಲ ಅಂತ’ ಎಂದರು. ಡಾನ್‌ಗೆ ಹೋಟೆಲಿನವರು ಹೆದರಿಕೊಂಡು ಮೂರು ಹೊತ್ತೂ ಕಳಿಸುತ್ತಿದ್ದರು. ರೌಡಿಗಳಿಗೆ ಹೆಂಡತಿಯರಿದ್ದರು. ಹೀರೋನನ್ನು ಕಂಡರೆ ಯಾರಿಗೂ ಹೆದರಿಕೆ ಇರಲಿಲ್ಲ, ಅವನಿಗೆ ಈ ಊರಿನಲ್ಲಿ ಯಾರೂ ಇರಲಿಲ್ಲ. ಅವನು ಏನು ತಿನ್ನುತ್ತಾನೆ ಎಂದು ಇಷ್ಟು ದೊಡ್ಡ ಊರಿನಲ್ಲಿ ಒಬ್ಬರಿಗೂ ಹೊಳೆದಿಲ್ಲ ಎಂದುಕೊಂಡೆ. ನನಗೂ ಹೊಳೆದಿರಲಿಲ್ಲ, ಸುಳ್ಳೇಕೆ ಹೇಳಲಿ.

‘ಹಾಗಾದ್ರೆ ಇವರನ್ನ ಕರೀದೆ ಇರೋದು…’ ಎಂದೆ. ‘ಹೌದಕ್ಕ’ ಎಂದ. ‘ಎಲ್ಲರ ಬುತ್ತೀಲೂ ಸ್ವಲ್ಪ ಸ್ವಲ್ಪ ತಿಂದೆ. ಮೊದಲ್ನೆಯವರ ಮನೆ ಸಾರು ಬಾಯಿಗಿಡೋ ಹಾಗಿರ್ಲಿಲ್ಲ, ಅವರನ್ನ ಮೊದ್ಲೇ ಕಳಿಸ್ದೆ. ಹಾಗೇ ಒಂದೊಂದೇ…’ ನೀಲಾಂಬಿಕೆಯ ಕೈಯಡಿಗೆಯೂ ಪರವಾಗಿಲ್ಲ, ಆದರೆ ಹುಳಿ ಜಾಸ್ತಿ ಎಂದು ಅವನೇ ಸೇರಿಸಿದ. ದೇವರೇ! ಇದು ಹೆದರಿಕೆಯ ಸಾಲೇ ಅಲ್ಲ, ಅಡಿಗೆಯ ಸಾಲು! ನಾನು ಬೆವರು ಸುರಿಸಿ ರುಬ್ಬಿದ ಒಂದೊಂದು ಖಾರವೂ ಗಂಡನನ್ನು ಒಂದೊಂದು ವರ್ಷ ಕಾಡಿನಲ್ಲಿ ಕೂಡಿಹಾಕಿತ್ತು. ಹೆಮ್ಮೆ ಆಯಿತೇ ಎಂದರೆ, ಆಯಿತು. ಕ್ಯಾರಿಯರನ್ನು ಅವನ ತಲೆಯ ಮೇಲೆ ಕುಕ್ಕಬೇಕು ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಬಂದು ನಾನು ಬಂಡೆಯ ಮೇಲೆ ಕ್ಯಾರಿಯರಿನ ಪಕ್ಕ ಕೂತೆ.

‘ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ಲಿಲ್ವಲ್ಲ ನಂಗೆ!’ ಎಂದೆ. ‘ಎಲ್ಲರಿಗೂ ಗೊತ್ತಿತ್ತಕ್ಕ. ನೀವೊಬ್ರೇ ನನ್ನ ಕಡೆ ತಿರುಗದೆ ಇದ್ದೋರು. ಅವರೆಲ್ಲ ಬಂದು ಕೇಳ್ಕೊಂಡ್ರು. ಗಂಡನ್ನ ಕಳಿಸ್ಕೊಡಪ್ಪ, ನಿನಗೆ ದಿನಾ ನಾನೇ ಬುತ್ತಿ ತರ್ತೀನಿ, ಮಕ್ಕಳಾಣೆ, ದೇವರಾಣೆ ಅಂದ್ರು. ಕಳಿಸ್ದೆ. ಮಾರನೇ ದಿನದಿಂದ ಒಬ್ಬರೂ ಈ ಕಡೆ ತಲೆ ಹಾಕ್ಲಿಲ್ಲ. ನೀಲಕ್ಕನೂ ಹೋದ ವಾರ ಸೋಮವಾರ ಆಣೆ ಇಟ್ರು.’ ಬೈದಂತೆ ಹೇಳಲಿಲ್ಲ ಅವನು, ಸುಮ್ಮನೆ ವರದಿ ಒಪ್ಪಿಸಿದಂತೆ ಹೇಳಿದ. ರೇಷ್ಮೆ ಸೀರೆ ಉಟ್ಟು ತಂಬಿಟ್ಟು ಹಂಚಿದಳಲ್ಲ ಮಹಾತಾಯಿ, ಇವನಿಗೆ ಒಂದು ಉಂಡೆ ಕಳಿಸಿದ್ದಳೇ?

‘ನೀವೂ ಹಾಗೇ ಹೇಳ್ತೀರ ಅಲ್ವಾ ಅಕ್ಕ?’ ಎಂದ. ಬಾಯಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ತರುತ್ತೇನೆ ಕಣಪ್ಪ ಎಂಬ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅವನ ಒಳಗೆ ಹೋದ ಕೆನ್ನೆ ನೋಡಿದೆ. ನನ್ನ ಭುಜ ಸಿಡಿಯುತ್ತಿತ್ತು. ಈ ಕೈಯಲ್ಲಿ ಇನ್ನು ಎರಡು ಮೈಲಿ ಹೋಗಿ ಎರಡು ಮೈಲಿ ಬರುವುದು ಯಾರ ತಲೆಯ ಮೇಲೆ ಕೈ ಇಟ್ಟು ಹೇಳಿದರೂ ಆಗದ ಮಾತು.

‘ಇಲ್ಲ ಕಣಪ್ಪ’ ಎಂದೆ. ‘ನಾನು ಬರಲ್ಲ. ನನ್ನ ಕೈ ಹೋಗಿದೆ. ಇವರು ಮನೆಗೆ ಬಂದ್ರೂ ಬರಲ್ಲ, ಬರ್ದೆ ಹೋದ್ರೂ ಬರಲ್ಲ. ಇವತ್ತಿಂದೇ ಕೊನೆ. ನಿನಗೆ ಸುಳ್ಳು ಹೇಳಿ ಗಂಡನ್ನ ಕರ್ಕೊಂಡು ಹೋಗಿ, ನಾಳೆ ಮಧ್ಯಾಹ್ನ ಅನ್ನ ಮುಂದಿಟ್ಕೊಂಡು ಕೂತ್ಕೊಳ್ಳೋದು ನನ್ನ ಕೈಲಾಗಲ್ಲ. ಇವರನ್ನ ಕಳಿಸೋದು ಬಿಡೋದು ನಿನಗೆ ಬಿಟ್ಟಿದ್ದು. ಮೊದ್ಲು ಕೈ ತೊಳ್ಕೊಂಡು ಬಾ, ಬಿಸಿ ಇರುವಾಗ್ಲೇ ತಿನ್ನು.’

ಅವತ್ತು ನಾನೇ ಮುತ್ತುಗದ ಎಲೆ ಹಾಕಿ ಬಡಿಸಿದೆ. ಯಜಮಾನರು ಒಂದು ಕಡೆ ಕುಣಿಯುತ್ತ ಕುಣಿಯುತ್ತಲೇ ತುತ್ತು ನುಂಗಿದರು. ಹೀರೋ ಕಣ್ಣೆತ್ತದೆ ಉಂಡ, ಎಲೆಯ ಮೇಲೆ ಒಂದು ಅಗುಳೂ ಬಿಡಲಿಲ್ಲ. ಹಳ್ಳಕ್ಕೆ ಹೋಗಿ ಕೈ ತೊಳೆದು ಬಂದ. ಹರಿದ ತೋಳು ಮೇಲೆ ಮಡಚಿಕೊಂಡ. ನಮ್ಮವರ ಎದುರು ಬಂದು ನಿಂತು, ಎರಡು ಬೆರಳು ಮಡಚಿ ಕರೆದ.

ಹನ್ನೊಂದು ವರ್ಷ ಕಾದ ಮನುಷ್ಯ, ಕರೆ ಬಂದಾಗ ‘ನನ್ನಾ?’ ಎಂದು ಹಿಂದೆ ತಿರುಗಿ ನೋಡಿದರು! ‘ನಿಮ್ಮನ್ನೇ ಕಣ್ರೀ, ಇನ್ಯಾರಿದ್ದಾರೆ, ಹೋಗಿ!’ ಎಂದು ನಾನು ಕಿರುಚಿದೆ. ಹೋದರು. ಮೀಸೆ ತೀಡಿಕೊಂಡು ಓಡಿದರು. ವರ್ಷಗಟ್ಟಲೆ ನಡೆಯುವ ಫೈಟು ಅಲ್ಲ ಅದು, ಒಂದೇ ಒದೆ. ಎಷ್ಟು ಮೆತ್ತಗೆ ಒದ್ದನೆಂದರೆ ‘ಡಿಶುಂ’ ಸದ್ದು ಕೂಡ ಸಣ್ಣಗೆ ಬಂತು. ನಮ್ಮವರು ಮಾತ್ರ ತಮ್ಮ ಪಾಲಿನದನ್ನು ಬಿಡಲಿಲ್ಲ. ಗಾಳಿಯಲ್ಲಿ ಒಂದು ಲಾಗ ಹಾಕಿ, ಬಿದಿರಿಗೆ ಬಡಿದು, ಡಾನ್‌ನ ಸಿಂಹಾಸನವನ್ನು ಕೆಡವಿ, ದಿಣ್ಣೆಯ ಮೇಲಿಂದ ಉರುಳಿ ಉರುಳಿ ನನ್ನ ಕಾಲ ಬಳಿ ಬಂದು ಅಂಗಾತ ಬಿದ್ದರು. ‘ಹೆಂಗಿತ್ತೇ?’ ಎಂದರು. ಚೆನ್ನಾಗಿತ್ತು ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಕ್ಯಾಮೆರಾ ಇರಲಿಲ್ಲವಲ್ಲ ಎಂದು ಅವತ್ತೊಂದು ದಿನ ನನಗೂ ಅನ್ನಿಸಿತು.

ಅವರು ಮನೆಗೆ ಬಂದರು. ಸಂಜೆ ಓಣಿಯವರೆಲ್ಲ ನೋಡಲು ಬಂದರು. ನೀಲಾಂಬಿಕೆಯೂ ಬಂದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ನನ್ನ ಮುಖ ನೋಡದೆ ಕಾಫಿ ಕುಡಿದು ಎದ್ದು ಹೋದಳು. ಮಾರನೇ ದಿನ ಯಜಮಾನರು ಬೆಳಗ್ಗೆಯಿಂದ ಗಿರಣಿಯ ಬೆಲ್ಟು ಬಿಗಿ ಮಾಡಿ, ಎಂಟು ಮೂಟೆ ಎತ್ತಿ ಸುರಿದರು. ಮಧ್ಯಾಹ್ನ ಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತರು. ಬಸ್ಸಾರು, ಮುದ್ದೆ ಬಡಿಸಿದೆ. ಮುಟ್ಟಲಿಲ್ಲ. ‘ಏನ್ರೀ, ಉಪ್ಪು ನೋಡ್ಲಾ?’ ಎಂದೆ. ಎದ್ದುಹೋಗಿ ಕ್ಯಾರಿಯರು ತಂದು ನನ್ನ ಮುಂದಿಟ್ಟರು. ‘ತುಂಬ್ಸು’ ಎಂದರು.

‘ನಿಮಗೆ ತಲೆ ಕೆಟ್ಟಿದೆಯಾ? ಅವನಿಗೆ ಬರಲ್ಲ ಅಂತ ಮುಖದ ಮೇಲೇ ಹೇಳಿ ಬಂದಿದ್ದೀನಿ!’ ‘ನೀನು ಬರಲ್ಲ ಅಂದೆ. ನಾನು ಹಾಗಂದ್ನಾ?’ ಎಂದರು. ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾದು ಕರೆತಂದ ಗಂಡ ಒಂದು ಹೊತ್ತಿನ ಊಟ ಮನೆಯಲ್ಲಿ ಮಾಡದೆ ಮತ್ತೆ ಕಾಡಿಗೆ ಹೊರಟಿದ್ದಾರೆ! ‘ಹೋಗಿ, ಅಲ್ಲೇ ಇರಿ, ನಿಮ್ಮ ಕಾಲು ಮತ್ತೆ ಹಿಡ್ಕೊಂಡ್ರೆ ನಾನಂತೂ ಬಂದು ನೋಡಲ್ಲ!’ ಎಂದು ಕೂಗಾಡಿದೆ. ಕೂಗಾಡುತ್ತಲೇ ನಾಲ್ಕು ಡಬ್ಬಿಯನ್ನೂ ತುಂಬಿಸಿದೆ. ಅವರು ಕ್ಯಾರಿಯರು ಹಿಡಿದು ಒಂದು ಗಂಟೆಗೆ ಹೊರಟರು.

ಎರಡಾಯಿತು, ಮೂರಾಯಿತು. ಗಿರಣಿಗೆ ಬಂದವರಿಗೆಲ್ಲ ಇವತ್ತು ಬೀಸುವುದಿಲ್ಲ ಹೋಗಿ ಎಂದು ಗದರಿದೆ. ಕಾಲು ಹಿಡಿದುಕೊಂಡಿತೇನೋ, ಮತ್ತೆ ಅಲ್ಲೇ ಸಿಕ್ಕಿಬಿದ್ದರೇನೋ ಎಂದು ಒಳಗೂ ಹೊರಗೂ ಓಡಾಡಿದೆ. ನಾಲ್ಕೂವರೆಗೆ ಬೀದಿಯ ತುದಿಯಲ್ಲಿ ಕಂಡರು. ನಿಧಾನವಾಗಿ, ಸಂತೆ ಮುಗಿಸಿ ಬರುವ ಯಾರದೋ ಗಂಡನ ಹಾಗೆ ನಡೆದು ಬರುತ್ತಿದ್ದರು. ಬಂದವರೇ ಖಾಲಿ ಕ್ಯಾರಿಯರು ಕೆಳಗಿಟ್ಟು, ‘ತುಂಬಾ ಹಸಿವಾಗ್ತಿದೆ ಕಣೇ, ತಿನ್ನೋಕೆ ಏನಿದೆ?’ ಎಂದರು.

‘ನಿಮ್ಮ ಪಾಲು ಏನಾಯ್ತು?’ ‘ಅವ್ನೇ ಎಲ್ಲ ತಿಂದ. ನಿನ್ನೆ ಮಧ್ಯಾಹ್ನ ಉಂಡ ಮೇಲೆ ಏನೂ ತಿಂದಿರ್ಲಿಲ್ಲ ಪಾಪ. ಉಳಿದದ್ದಕ್ಕೆ ಡಾನೂ ಕೈ ಒಡ್ಡಿದ, ಹೋಟ್ಲು ಊಟ ಸಾಕಾಗಿದೆಯಂತೆ ಅವನಿಗೆ.’ ನಾನು ಒಲೆಯ ಮೇಲೆ ಮುದ್ದೆಗೆ ಎಸರಿಟ್ಟೆ. ಇಟ್ಟು, ಅವರಿಗೆ ಹನ್ನೊಂದು ವರ್ಷದಿಂದ ಬೈಯಬೇಕೆಂದಿದ್ದ ಬೈಗುಳವನ್ನೆಲ್ಲ ಒಂದೂ ಬಿಡದೆ ಬೈದೆ. ಅವರು ಅಡಿಗೆಮನೆಯ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು, ನಡುವೆ ಒಮ್ಮೆ ‘ಹೂಂ’ ಎಂದರು, ಆಮೇಲೆ ಎರಡು ಮುದ್ದೆ ಉಂಡು ಇನ್ನೂ ಅರ್ಧ ಕೇಳಿ ಹಾಕಿಸಿಕೊಂಡರು.